ವೈನಿಯ ಕೆಂಪು ಖಾನೆ

ವೈನಿಯವರ ಎಡಗಣ್ಣಿನ ರೆಪ್ಪೆ ಅರ್ಧಕ್ಕೇ ನಿಂತಿರುತ್ತಿತ್ತು, ಅಂಗಡಿಯವನು ಶಟರ್ ಇಳಿಸುತ್ತಾ ನಡುವೆ ಯಾರೋ ಗಿರಾಕಿ ಬಂದರೆಂದು ಕೈಬಿಟ್ಟ ಹಾಗೆ. ಒಂದು ಚಳಿಗಾಲ ಲೋಕಲ್ ರೈಲಿನ ಕಿಟಕಿ ಪಕ್ಕ ಕೂತು ಗಾಳಿ ಬಡಿದು ಮುಖ ಸೊಟ್ಟಾಯಿತೆಂದು ಅವರು ಹೇಳುತ್ತಿದ್ದರು. ಡಾಕ್ಟರು ಅದಕ್ಕೆ ಬೇರೆ ಏನೋ ಹೆಸರು ಹೇಳಿದ್ದರಂತೆ. ಬಾಯಿ ಸರಿಹೋಯಿತು, ರೆಪ್ಪೆ ಮಾತ್ರ ಹಾಗೆಯೇ ಉಳಿಯಿತು. ಕಂಪ್ಯೂಟರಿನಲ್ಲಿ ಏನನ್ನಾದರೂ ಕಣ್ಣಿಟ್ಟು ನೋಡಬೇಕಾದಾಗ ತೋರುಬೆರಳಿನಿಂದ ಆ ರೆಪ್ಪೆಯನ್ನು ಮೇಲೆತ್ತಿ ಹಿಡಿಯುತ್ತಿದ್ದರು. ಬೆರಳು ಕಣ್ಣಿಗೆ ಹೋಯಿತೆಂದರೆ ನಮ್ಮಲ್ಲಿ ಯಾರದೋ ಕೆಲಸ ಹಳ್ಳ ಹಿಡಿದಿದೆ ಎಂದೇ ಅರ್ಥ. ಎಲ್ಲರೂ ತಂತಮ್ಮ ಕೆಲಸವನ್ನು ಮತ್ತೊಮ್ಮೆ ತೆರೆದು ನೋಡಿಕೊಳ್ಳುತ್ತಿದ್ದೆವು.

ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ನನಗೆ ಅಣ್ಣನೇ ಇಲ್ಲ, ಆ ಮಾತು ಬೇರೆ. ನಮ್ಮ ಮಾಲೀಕರು ಬೆಳಗಾವಿಯವರು. ವೈನಿಯವರ ಯಜಮಾನರು ಅವರ ಗೆಳೆಯರು. ಗೆಳೆಯ ತೀರಿಕೊಂಡ ಮೇಲೆ ಮಾಲೀಕರು ಧಾರವಾಡದ ಈ ಹೆಣ್ಣುಮಗಳನ್ನು ಕರೆದು ಕೆಲಸ ಕೊಟ್ಟರು. ಅವರು ವೈನಿ ಎಂದು ಕರೆದರು, ಅದನ್ನು ಕೇಳಿ ಆಫೀಸಿನಲ್ಲಿ ಚಿತ್ರ ಬಿಡಿಸುವ ಗುಜರಾತಿ ಹುಡುಗಿಯೂ ಕರೆದಳು, ಕೊರಿಯರಿನವನೂ ಕರೆದ, ಕೊನೆಗೆ ಕ್ಲೈಂಟುಗಳೂ ಹಾಗೆಯೇ ಕರೆಯತೊಡಗಿದರು. ಆಫೀಸಿಗೆಲ್ಲ ಅವರೇ ಮ್ಯಾನೇಜರು. ಆದರೆ ಮೇಡಂ ಎಂದು ಅವರನ್ನು ಯಾರೂ ಕರೆದದ್ದು ನಾನು ಕೇಳಿಲ್ಲ.

ನಮ್ಮದು ಜನರ ಫೋನಿನೊಳಗೆ ಜಾಹೀರಾತು ಬಿಡುವ ಸಣ್ಣ ಕಂಪನಿ. ಮುಲುಂಡಿನಲ್ಲಿ ಒಂದು ಹಲ್ಲಿನ ದವಾಖಾನೆಯ ಮೇಲಿನ ಮಹಡಿ. ಕೆಳಗಿನಿಂದ ಹಲ್ಲು ಕೊರೆಯುವ ಸದ್ದು ದಿನವಿಡೀ ಬರುತ್ತಿತ್ತು. ಕೇಕ್ ಅಂಗಡಿ, ಮದುವೆ ಹಾಲ್, ಕೋಚಿಂಗ್ ಕ್ಲಾಸು, ಇಂಥವರೇ ನಮ್ಮ ಕ್ಲೈಂಟುಗಳು. ನಾನು ಮರಾಠಿ, ಹಿಂದಿ, ಬೇಕಾದರೆ ಕನ್ನಡದಲ್ಲೂ ಜಾಹೀರಾತಿನ ಮಾತು ಬರೆಯುವವಳು, ಬರೆದದ್ದನ್ನು ಯಾವ ದಿನ ಯಾವ ಗಂಟೆಗೆ ತಾನಾಗಿ ಹೊರಬೀಳಬೇಕೆಂದು ಹೊಂದಿಸಿ ಇಡುವವಳು. ಹುಟ್ಟಿದ್ದು ವಡಾಲದಲ್ಲಿ, ಅಪ್ಪ ಅವ್ವ ವಿಜಯಪುರದವರು. ಹಿಂದಿನ ಕಂಪನಿ ಮುಚ್ಚಿ ಬಹಳ ದಿನ ಮನೆಯಲ್ಲಿ ಕೂತಿದ್ದೆ. ಅಪ್ಪ ಹಾಸಿಗೆ ಹಿಡಿದಿದ್ದರು, ಮನೆ ನಡೆಯಬೇಕಾದದ್ದು ನನ್ನೊಬ್ಬಳ ಪಗಾರದ ಮೇಲೆ. ಈ ಕೆಲಸ ಹೋದರೆ ನಾವು ಮೂವರೂ ಬೀದಿಗೆ ಬೀಳುತ್ತೇವೆಂಬ ಹೆದರಿಕೆ ನನ್ನ ಜೊತೆಯೇ ಎದ್ದು ಜೊತೆಯೇ ಮಲಗುತ್ತಿತ್ತು.

ನಾನು ಸೇರಿದಾಗ ಆಫೀಸೆಂದರೆ ಸಂತೆ. ಎಲ್ಲ ಕೆಲಸವೂ ವಾಟ್ಸಾಪ್ ಗುಂಪುಗಳಲ್ಲಿ. ಕ್ಲೈಂಟು ಒಂದು ಮಾತು ಹೇಳಿದರೆ ಅದರ ಮೇಲೆ ಇಪ್ಪತ್ತು ಗುಡ್ ಮಾರ್ನಿಂಗ್ ಬಿದ್ದು ಅದು ಹೂತುಹೋಗುತ್ತಿತ್ತು. ಗಣಪತಿ ಹಬ್ಬಕ್ಕೆಂದು ಮಾಡಿದ ರಿಯಾಯಿತಿ ಜಾಹೀರಾತು ವಿಸರ್ಜನೆಯ ಮರುದಿನ ಹೊರಬಿತ್ತು. ಯಾರು ಬಿಡಬೇಕಿತ್ತು ಎಂದು ಕೇಳಿದರೆ ಅವಳೆಂದಳು ಇವನು, ಇವನೆಂದ ಅವಳು. ಮಾಲೀಕರು ದಿನಾ ಯಾರಿಗಾದರೂ ಮಂಗಳಾರತಿ ಎತ್ತುತ್ತಿದ್ದರು.

ಆಗ ಕೆಲಸಗಳ ಬೋರ್ಡನ್ನು ತಂದವರು ವೈನಿ. ಗೋಡೆಯ ಬೋರ್ಡಲ್ಲ, ಕಂಪ್ಯೂಟರಿನೊಳಗಿನದು. ಒಂದೊಂದು ಕೆಲಸಕ್ಕೂ ಒಂದೊಂದು ಕಾರ್ಡು. ಮಾಡಬೇಕಾದದ್ದು, ಮಾಡುತ್ತಿರುವುದು, ತಯಾರಾದದ್ದು, ಹೊರಬಿಟ್ಟದ್ದು ಎಂದು ಸಾಲಾಗಿ ಖಾನೆಗಳು. ಕೆಲಸ ಮುಂದುವರಿದಂತೆ ಕಾರ್ಡು ಒಂದು ಖಾನೆಯಿಂದ ಮುಂದಿನದಕ್ಕೆ ಸರಿಯಬೇಕು. ಯಾರು ಎಲ್ಲಿ ನಿಂತಿದ್ದಾರೆಂದು ಯಾರನ್ನೂ ಕೇಳದೆ ಕಾಣುತ್ತದೆ. ನಮಗದು ಸುತರಾಂ ಬೇಡವಾಗಿತ್ತು. ನಾನಂತೂ ಮುಖಕ್ಕೆ ಹೇಳಿದೆ, "ವೈನಿ, ಕೆಲಸ ಮಾಡೂದ ಬಿಟ್ಟು ಇನ್ನ ಮ್ಯಾಲೆ ಕೆಲಸದ ಲೆಕ್ಕಾ ಬರಕೋತ ಕೂಡಬೇಕೇನ್ರಿ?"

"ಬರಕೋತ ಕೂಡಬ್ಯಾಡ. ಒಂದ ಕಾರ್ಡಿಗೆ ಒಂದ ಹೆಸರು ಬರದು ಏಳು" ಎಂದರು.

ಒಂದು ಕಾರ್ಡಿಗೆ ಒಂದೇ ಹೆಸರು. ಇದು ಅವರ ಹಟ. ಎರಡು ಹೆಸರು ಕಂಡರೆ ಬೆರಳು ಕಣ್ಣಿಗೆ ಹೋಗುತ್ತಿತ್ತು. "ಹತ್ತ ಮಂದಿ ಕೂಡಿದಲ್ಲಿ ಹಾವು ಸಾಯೂದಿಲ್ಲ ಅಂತಾರ, ಕೇಳಿಯಿಲ್ಲೊ?" ಎನ್ನುತ್ತಿದ್ದರು. ಅರ್ಜೆಂಟ್ ಎಂದು ಕಾರ್ಡಿನ ಮೇಲೆ ಬರೆಯುವ ಹಾಗಿಲ್ಲ. "ಅರ್ಜೆಂಟ್ ಅನ್ನೂದು ಕೆಲಸದ ಹೆಸರಲ್ಲವ್ವಾ, ನಮ್ಮ ಹಣೇಬರಹದ ಹೆಸರು" ಎಂದು ಅಳಿಸಿಬಿಡುತ್ತಿದ್ದರು. ಬೋರ್ಡಿಗೆ ಸುಳ್ಳು ಹೇಳಿದವರನ್ನು ಮಾತ್ರ ಕ್ಷಮಿಸುತ್ತಿರಲಿಲ್ಲ. ಆಗದ ಕೆಲಸವನ್ನು ಆಯಿತೆಂದು ಸರಿಸಿದ ಗುಜರಾತಿ ಹುಡುಗಿಗೆ ಹಿಂದಿಯಲ್ಲಿ ಅಂದದ್ದು ನನಗೆ ಇನ್ನೂ ನೆನಪಿದೆ: ತಡವಾದರೆ ತಡವಾಯಿತೆಂದು ತೋರಿಸು, ನಾನು ನಿನ್ನ ಪಕ್ಕ ನಿಲ್ಲುತ್ತೇನೆ, ಸುಳ್ಳು ತೋರಿಸಿದರೆ ಯಾರ ಪಕ್ಕ ನಿಲ್ಲಲಿ?

ಸತ್ಯ ಹೇಳಬೇಕೆಂದರೆ ಆ ಬೋರ್ಡು ನಮ್ಮನ್ನು ಬದುಕಿಸಿತು. ಹಬ್ಬದ ಜಾಹೀರಾತು ಹಬ್ಬಕ್ಕೆ ಮುಂಚೆ ಬರತೊಡಗಿತು. ಯಾವುದಕ್ಕೆ ಜನ ಫೋನ್ ಮಾಡಿದರು, ಯಾವುದು ಬೋರಲು ಬಿತ್ತು ಎಂಬುದನ್ನು ವೈನಿ ಆಯಾ ಕಾರ್ಡಿನ ಕೆಳಗೇ ಬರೆಸುತ್ತಿದ್ದರು. ಮುಂದಿನ ಸಲ ಅದೇ ಹಳ್ಳಕ್ಕೆ ಬೀಳುತ್ತಿರಲಿಲ್ಲ. ನಾವು ಬೆಳಕಿರುವಾಗಲೇ ಮುಲುಂಡ್ ಸ್ಟೇಷನ್ನಿಗೆ ಬರುವಂತಾಯಿತು. ವೈನಿಯವರದು ಚೆಂಬೂರು, ನನ್ನದು ವಡಾಲ, ಇಬ್ಬರೂ ಕುರ್ಲಾದಲ್ಲಿ ಹಾರ್ಬರ್ ಲೈನಿಗೆ ಬದಲಾಯಿಸಬೇಕು. ಕುರ್ಲಾದ ತನಕ ಲೇಡೀಸ್ ಡಬ್ಬಿಯಲ್ಲಿ ಜೊತೆಯಾಗಿ ಬರುತ್ತಿದ್ದೆವು. ಚೀಲದಿಂದ ಹುರಿದ ಶೇಂಗಾ ತೆಗೆದು ಕೊಡುತ್ತಿದ್ದರು. ಕಾಲೇಜಿಗೆ ಹೋಗುವ ಒಬ್ಬಳೇ ಮಗಳು ಕನ್ನಡವನ್ನು ಮುರಿದು ಮುರಿದು ಮಾತಾಡುತ್ತಾಳೆಂದು ಬೈದುಕೊಳ್ಳುತ್ತಿದ್ದರು, ಬೈಯುತ್ತಲೇ ಅವಳ ಮಾತನ್ನು ಅವಳ ಹಾಗೆಯೇ ಆಡಿ ತೋರಿಸಿ ನಗುತ್ತಿದ್ದರು.

ಆಮೇಲೆ ಆ ಮಿಕ್ಸರ್ ಅಂಗಡಿಯ ಸಂಗತಿ ನಡೆಯಿತು.

ಘಾಟಕೋಪರಿನಲ್ಲಿ ಮಿಕ್ಸರ್, ಕುಕ್ಕರ್ ಮಾರುವ ಒಬ್ಬ ಯಜಮಾನರು ನಮ್ಮ ಕ್ಲೈಂಟು. ಗುಂಡುಮುಖ, ದೊಡ್ಡ ನಗೆ. ಅವರನ್ನೇ ವಿಡಿಯೊದಲ್ಲಿ ನಿಲ್ಲಿಸುತ್ತಿದ್ದೆವು. ಹೆಂಗಸೊಬ್ಬಳು ಕೆಟ್ಟ ಮಿಕ್ಸರ್ ಹಿಡಿದು ತಲೆಮೇಲೆ ಕೈಹೊತ್ತು ಕೂರುತ್ತಾಳೆ, ಇವರು ಬಾಗಿಲಲ್ಲಿ ಕಾಣಿಸಿಕೊಂಡು "ಮೀ ಆಹೇ ನಾ!" ಎನ್ನುತ್ತಾರೆ, ನಾನಿದ್ದೀನಲ್ಲ ಎಂದು. ಆ ಮಾತು ಬರೆದವಳು ನಾನೇ. ಘಾಟಕೋಪರಿನ ಪೋರರು ಅವರನ್ನು ಕಂಡರೆ ಹಾಗೆಂದೇ ಕೂಗುತ್ತಿದ್ದರಂತೆ. ಒಂದು ಶನಿವಾರ ಸಂಜೆ ಅವರು ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತರು, ಅಷ್ಟೇ. ಭಾನುವಾರ ನಮ್ಮ ಆಫೀಸಿಗೆ ರಜೆ, ನಮಗೆ ಯಾರೂ ಹೇಳಲಿಲ್ಲ, ಹೇಳಬೇಕೆಂದು ಯಾರಿಗೆ ತಾನೆ ನೆನಪಾದೀತು? ಸೋಮವಾರ ಬೆಳಗ್ಗೆ, ನಾನು ಹಿಂದಿನ ವಾರವೇ ಹೊಂದಿಸಿಟ್ಟಿದ್ದ ವಿಡಿಯೊ ತನ್ನ ಹೊತ್ತಿಗೆ ತಾನು ಹೊರಬಿತ್ತು. ಮನೆಯಲ್ಲಿ ಹೆಂಗಸರು ಅಳುತ್ತಾ ಕೂತಿದ್ದಾಗ ಬಂದವರ ಫೋನುಗಳಲ್ಲಿ ಸತ್ತ ಮನುಷ್ಯ ಬಾಗಿಲಲ್ಲಿ ನಿಂತು ನಾನಿದ್ದೀನಲ್ಲ ಎಂದು ನಕ್ಕ.

ಅವರ ಮಗನ ಫೋನು ಬಂದಾಗ ಎತ್ತಿದವಳು ನಾನೇ. ಆತ ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ. ಅವನ ಜಾಗದಲ್ಲಿದ್ದರೆ ನಾನು ಅದಕ್ಕಿಂತ ಹೆಚ್ಚು ಬೈಯುತ್ತಿದ್ದೆ. ವಿಡಿಯೊವನ್ನು ಆ ಕ್ಷಣವೇ ತೆಗೆದೆವು. ಮಾಲೀಕರು ಬೋರ್ಡು ತೆರೆದು ನೋಡಿದರು. ಕಾರ್ಡಿನ ಮೇಲೆ ಒಂದೇ ಹೆಸರು, ನನ್ನದು.

"ಈಕಿನ್ನ ತಗದು ಹಾಕ್ತೀನಂತ ಅವರಿಗೆ ಹೇಳತೀನಿ. ಯಾರದಾರ ಒಬ್ಬರ ತಲಿ ಕೊಡಬೇಕಾಕ್ಕೈತಿ" ಎಂದರು, ನಾನು ಅಲ್ಲೇ ನಿಂತಿದ್ದೇನೆ ಎಂಬ ಖಬರೂ ಇಲ್ಲದೆ. ಅಪ್ಪನ ಹಾಸಿಗೆ ಕಣ್ಣ ಮುಂದೆ ಬಂತು.

ವೈನಿ ತಮ್ಮ ಕುರ್ಚಿಯಿಂದ ಏಳಲಿಲ್ಲ. ದನಿಯನ್ನೂ ಎತ್ತಲಿಲ್ಲ. "ಕಾರ್ಡಿನ ಮ್ಯಾಲೆ ಅಕಿ ಹೆಸರ ಇರಬೇಕು ಅಂತ ಹೇಳಿದಾಕಿ ನಾನು. ಅಕಿ ತನ್ನ ಕೆಲಸ ಬರೋಬ್ಬರಿ ಮಾಡ್ಯಾಳ. ಬೋರ್ಡಿನಾಗ ಎಲ್ಲಾ ಖಾನೆ ಅವ, ಬಿಡೂಕಿಂತ ಮೊದಲ ಆ ಮಂದೀನ್ನ ಒಂದ ಮಾತು ಕೇಳೂ ಖಾನೆ ಇಲ್ಲ. ಅದನ್ನ ಮರತಾಕಿ ನಾನು. ತಗೀಯೂದಿದ್ದರ ನನ್ನ ತಗೀರಿ."

ಮಾಲೀಕರು ಅವರ ಮುಖ ನೋಡಿದರು, ಗೋಡೆ ನೋಡಿದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ವೈನಿ ನನ್ನನ್ನು ಕರೆದುಕೊಂಡು ಆ ಮನೆಗೆ ಹೋದರು. ಬೇಡವೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ನೆಲದ ಮೇಲೆ ಕೂತು "ಚೂಕ ಮಾಝೀ ಆಹೇ" ಎಂದರು, ತಪ್ಪು ನನ್ನದು ಎಂದು. ಕಂಪ್ಯೂಟರು ತಾನಾಗಿ ಬಿಟ್ಟಿತು, ಯಂತ್ರಕ್ಕೇನು ಗೊತ್ತು ಎಂಬ ಮಾತನ್ನು ಆಡಬಹುದಿತ್ತು, ಆಡಲಿಲ್ಲ. ಮಗ ಆ ಹೊತ್ತಿಗೆ ಬೈಯುವ ಶಕ್ತಿಯನ್ನೂ ಕಳೆದುಕೊಂಡಿದ್ದ. ನಿಮ್ಮಲ್ಲಿ ಒಬ್ಬರಾದರೂ ಬೆಳಗ್ಗೆ ಒಂದು ಫೋನ್ ಮಾಡಿದ್ದರೆ ತಿಳಿಯುತ್ತಿತ್ತಲ್ಲ ಎಂದು ಮಾತ್ರ ಕೇಳಿದ. ತಲೆ ತಗ್ಗಿಸಿಕೊಂಡು ಬಂದೆವು.

ಆ ವಾರವೇ ಬೋರ್ಡಿನಲ್ಲಿ ಹೊಸ ಖಾನೆ ಬಂತು, ತಯಾರಾದದ್ದಕ್ಕೂ ಹೊರಬಿಟ್ಟದ್ದಕ್ಕೂ ನಡುವೆ. ಅದರ ಹೆಸರು "ಪೂಛಾ ಕ್ಯಾ?" ಕೇಳಿದಿರಾ ಎಂದು. ಇನ್ನು ಮೇಲೆ ಯಾವ ಜಾಹೀರಾತೂ ತಾನಾಗಿ ಹೊರಬೀಳುವಂತಿಲ್ಲ. ಅಂದಿನ ಬೆಳಗ್ಗೆ ಆ ಕ್ಲೈಂಟಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಬಿಡಬೇಕು. ಆ ಖಾನೆಗೆ ಬಂದ ಪ್ರತಿಯೊಂದು ಕಾರ್ಡಿನ ಮೇಲೂ ಒಂದೇ ಹೆಸರು, ವೈನಿಯವರದು. ಹಂಚಿಕೊಳ್ಳೋಣ ಎಂದರೆ ಕೇಳಲಿಲ್ಲ.

ಬೆಳಗಿನ ಗಾಡಿ ಅವರ ಆಫೀಸಾಯಿತು. ಕುರ್ಲಾದಿಂದ ಹತ್ತಿದೊಡನೆ ಒಂದು ಕಿವಿಗೆ ಫೋನು, ಇನ್ನೊಂದು ಕಿವಿಯೊಳಗೆ ಬೆರಳು. ಮೊದಲು "ಸಗಳ ಠೀಕ?" ಎಂದು ಮನೆಯ ಯೋಗಕ್ಷೇಮ, ಆಮೇಲೆ ಅಂಗಡಿ, ಕೊನೆಗೆ ಜಾಹೀರಾತು. ಯಾರಿಗೂ ಈ ಕ್ರಮ ತಪ್ಪಿಸುತ್ತಿರಲಿಲ್ಲ. ಕೇಕ್ ಅಂಗಡಿಯಾಕೆಯ ಭಟ್ಟಿ ಕೆಟ್ಟಿರುವುದು ಹೀಗೆ ತಿಳಿಯಿತು. ಅಂದಿನ ಅರ್ಧ ಬೆಲೆಯ ಜಾಹೀರಾತು ನಿಂತಿತು, ಇಲ್ಲವಾದರೆ ಗಿರಾಕಿಗಳು ಬಂದು ಆಕೆಯ ಅಂಗಡಿಯನ್ನೇ ತಿನ್ನುತ್ತಿದ್ದರು. ಮದುವೆ ಹಾಲ್‌ನಲ್ಲಿ ನೀರಿಲ್ಲ, ಟ್ಯಾಂಕರ್ ಬಂದಿಲ್ಲ ಎಂಬುದು ಹೀಗೆಯೇ ತಿಳಿಯಿತು. ಕೋಚಿಂಗ್ ಕ್ಲಾಸಿನ ಮಾಸ್ತರರು ಫಲಿತಾಂಶದ ದಿನ ಸಂಭ್ರಮದ ಪೋಸ್ಟು ತಯಾರಿಟ್ಟುಕೊಂಡಿದ್ದರು. ಅವರ ಒಬ್ಬ ವಿದ್ಯಾರ್ಥಿನಿ ಫೇಲಾಗಿ ವಿಷ ಕುಡಿದು ಆಸ್ಪತ್ರೆಯಲ್ಲಿದ್ದಾಳೆಂದು ವೈನಿಯ ಫೋನಿನಲ್ಲಿ ಹೇಳಿ ಅತ್ತರಂತೆ. ಅಂದು ಯಾವ ಪೋಸ್ಟೂ ಹೋಗಲಿಲ್ಲ. ಕ್ಲೈಂಟುಗಳು ನಮ್ಮನ್ನು ಬಿಟ್ಟುಹೋಗುವುದು ಕಡಿಮೆಯಾಯಿತು. ಮಿಕ್ಸರ್ ಅಂಗಡಿಯ ಮಗ ಕೂಡ ವರ್ಷ ತುಂಬುವುದರೊಳಗೆ ತಾನಾಗಿಯೇ ತಿರುಗಿ ಬಂದ.

ಇಷ್ಟಕ್ಕೆ ನಿಲ್ಲಬೇಕಿತ್ತು. ನಮ್ಮ ನಸೀಬಿನಲ್ಲಿ ಯಾವುದು ನಿಂತಿದೆ?

ಕ್ಲೈಂಟುಗಳು ಹೆಚ್ಚಾದರು, ಫೋನುಗಳೂ ಹೆಚ್ಚಾದವು. ವೈನಿ ಬೆಳಗ್ಗೆ ಆಫೀಸು ಮುಟ್ಟಿದ ಮೇಲೂ ಫೋನಿನಲ್ಲೇ ಇರುತ್ತಿದ್ದರು. ಗುಜರಾತಿ ಹುಡುಗಿಯ ಚಿತ್ರ ತಯಾರು, ನನ್ನ ಮಾತು ತಯಾರು, ಎಲ್ಲ ಬಂದು ಅವರ ಖಾನೆಯಲ್ಲಿ ಕಾಯುತ್ತಿದ್ದವು. ಆ ಹೊತ್ತಿಗೆ ಮಾಲೀಕರು ಬೋರ್ಡಿನ ದೊಡ್ಡ ಆವೃತ್ತಿಯನ್ನು ಕೊಂಡುಕೊಂಡರು. ಅದು ಯಾವ ಖಾನೆಯಲ್ಲಿ ಕೆಲಸ ಎಷ್ಟು ಹೊತ್ತು ನಿಲ್ಲುತ್ತದೆಂದು ತಾನೇ ಬಣ್ಣ ಹಚ್ಚಿ ತೋರಿಸುತ್ತದೆ. ಒಂದು ಸೋಮವಾರ ಅದನ್ನು ಪ್ರೊಜೆಕ್ಟರಿನಿಂದ ಗೋಡೆಗೆ ದೊಡ್ಡದಾಗಿ ಬಿಟ್ಟರು. ನಮ್ಮೆಲ್ಲರ ಖಾನೆಗಳೂ ಹಸಿರು. ನಡುವೆ ಒಂದು ಖಾನೆ ಕೆಂಪಗೆ ಉರಿಯುತ್ತಿತ್ತು.

"ವೈನಿ, ಇದು ನಾ ಹೇಳೂದಲ್ಲರಿ, ನೀವ ತಂದ ಬೋರ್ಡ ಹೇಳಾಕತ್ತೈತಿ" ಎಂದರು ಮಾಲೀಕರು. "ಎಲ್ಲಾ ಕೆಲಸ ನಿಮ್ಮ ಹಂತೇಕ ಬಂದ ನಿಂದರತಾವು. ಒಂದ ಮೆಸೇಜ ತಾನ ಹೋಗುವಂಗ ಮಾಡಿದರ ಆತಲ್ರಿ, ಫೋನ್ ಯಾಕ?"

ವೈನಿ ರೆಪ್ಪೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. "ಖರೇ ಅದ" ಎಂದರು, ಅಷ್ಟೇ.

ನಾನು ಕುರ್ಚಿ ಸರಿಸಿ ಎದ್ದೆ. "ಏನ್ ಖರೇ ಅದರಿ? ಮೆಸೇಜಿಗೆ ಮಂದಿ ಹೆಬ್ಬೆಟ್ಟಿನ ಚಿತ್ರಾ ಒತ್ತಿ ಸುಮ್ಮನಾಗ್ತಾರ, ಮನ್ಯಾಗ ಹೆಣಾ ಇದ್ದರೂ ಒತ್ತತಾರ. ಸರ್, ಆ ಕೆಂಪು ಖಾನೆಯಿಂದನ ಈ ಕ್ಲೈಂಟು ಉಳದಾರ, ಅದನ್ನ ನಿಮ್ಮ ರಿಪೋರ್ಟ್ ಯಾಕ ಹೇಳೂದಿಲ್ಲ?" ಎಂದು ಎಲ್ಲರ ಮುಂದೆ ಕೂಗಾಡಿದೆ. ಮಾಲೀಕರು ನನಗೆ ಕೂರಲು ಹೇಳಿದರು. ವೈನಿಯೇ ನನ್ನ ಕೈ ಹಿಡಿದು "ಸುಮ್ಮ ಕೂಡವ್ವಾ" ಎಂದರು. ತಾವು ತಂದ ಬೋರ್ಡು ಸುಳ್ಳು ಹೇಳುವುದಿಲ್ಲ ಎಂದು ನಮಗೆಲ್ಲ ಕಲಿಸಿದವರು, ಈಗ ಅದು ತಮ್ಮನ್ನೇ ಕೆಂಪಾಗಿ ತೋರಿಸಿದಾಗ ಯಾವ ಬಾಯಿಂದ ಅದನ್ನು ಬೈದಾರು? ಅದೇ ದಿನ ಆ ಖಾನೆಯನ್ನು ತಮ್ಮ ಕೈಯಾರೆ ತೆಗೆದರು.

ಆಮೇಲೆ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಕಾದೆ, ಇನ್ನೊಂದು ಅನಾಹುತ ಆಗಲಿ, ಮಾಲೀಕರಿಗೆ ಬುದ್ಧಿ ಬರಲಿ ಎಂದು. ಆಗಲಿಲ್ಲ. ಗೋಡೆಯೆಲ್ಲ ಹಸಿರಾಯಿತು, ಜಾಹೀರಾತುಗಳು ನೀರು ಹರಿದಂತೆ ಹೋದವು. ಕೇಕ್ ಅಂಗಡಿಯಾಕೆ ಒಮ್ಮೆ, ಈಗ ವೈನಿ ಫೋನ್ ಮಾಡುವುದಿಲ್ಲವಲ್ಲ ಎಂದು ಕೇಳಿದಳು, ಮತ್ತೆ ಕೇಳಲಿಲ್ಲ. ವೈನಿಯವರನ್ನು ಯಾರೂ ತೆಗೆಯಲಿಲ್ಲ. ಸಲಹೆಗಾರರು ಎಂದು ಹೊಸ ಹೆಸರು ಕೊಟ್ಟರು, ಅವರಿಗೆ ಸಲಹೆ ಯಾರೂ ಕೇಳಲಿಲ್ಲ. ಬೆಳಗಿನ ಗಾಡಿಯಲ್ಲಿ ಫೋನನ್ನು ಚೀಲದೊಳಗಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಾ ಬರುತ್ತಿದ್ದರು. ಶೇಂಗಾ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಟ್ಟೆನೋವೆಂದು ರಜೆ ಹಾಕಿದರು, ಆಮೇಲೆ ಕೆಲಸವನ್ನೇ ಬಿಟ್ಟರು. ಹೊಟ್ಟೆಯಲ್ಲಿದ್ದದ್ದು ಗಡ್ಡೆ. ಕತ್ತರಿಸುವ ಹಂತ ದಾಟಿ ಹೋಗಿತ್ತು.

ಕೊನೆಯ ಸಲ ಚೆಂಬೂರಿನ ಅವರ ಮನೆಗೆ ಹೋದಾಗ ಹಾಸಿಗೆಯಲ್ಲಿ ಮನುಷ್ಯರಿದ್ದಾರೋ ಬರೀ ಚಾದರವಿದೆಯೋ ತಿಳಿಯದಷ್ಟು ಸೊರಗಿದ್ದರು. ನನ್ನ ಅಪ್ಪನ ಆರೋಗ್ಯ ಕೇಳಿದರು. ಮಗಳನ್ನು ಚಹಾ ಮಾಡಲು ಕಳಿಸಿದರು. ಅವಳು ಒಳಗೆ ಹೋದ ಮೇಲೆ ನನ್ನ ಕೈಯನ್ನು ಹತ್ತಿರಕ್ಕೆಳೆದುಕೊಂಡರು.

"ಒಂದ ಮಾತು ಕೇಳ್ತೀನಿ, ಮಾರಿ ನೋಡಿ ಹೇಳು. ಖರೇನ ನನ್ನಿಂದ ನಿಮ್ಮೆಲ್ಲಾರ ಕೆಲಸ ತಡಾ ಆಗ್ತಿತ್ತೇನ?"

ಛೇ, ಇಲ್ಲ ವೈನಿ, ಏನ್ ಮಾತಂತ ಆಡ್ತೀರಿ! ಈ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸಾಯುವವರ ಮುಂದೆ ಯಾರಾದರೂ ಆಡುವ ಮಾತೇ ಅದು. ಆದರೆ ಈ ಹೆಂಗಸಿನ ಮುಂದೆ ಆಗದ ಕೆಲಸವನ್ನು ಆಯಿತೆಂದು ಸರಿಸುವುದು ನನ್ನಿಂದ ಆಗಲಿಲ್ಲ.

"ಆಗ್ತಿತ್ತು ವೈನಿ" ಎಂದೆ. "ಖರೇನ ತಡಾ ಆಗ್ತಿತ್ತು. ಮನುಷ್ಯಾರನ್ನ ಕೇಳೂದಂದ್ರ ಹೊತ್ತು ಹಿಡೀತದ. ಹಿಡೀಬೇಕು."

ಅವರು ಹೂಂ ಎಂದರು. ಕೈ ಬಿಟ್ಟು ಗೋಡೆಯ ಕಡೆ ತಿರುಗಿದರು. ಚಹಾ ಬಂತು, ಹೇಗೋ ಕುಡಿದೆ. ಸ್ಟೇಷನ್ನಿಗೆ ಬರುವಾಗ ದಾರಿಯುದ್ದಕ್ಕೂ ನನ್ನನ್ನು ನಾನೇ ಶಪಿಸಿಕೊಂಡೆ, ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೇ ಪಾಪಿ ಎಂದು. ಮುಂದಿನ ವಾರ ವೈನಿ ತೀರಿಕೊಂಡರು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಮತ್ತೆ ಹೋದೆ. ಬಂದವರೆಲ್ಲ ಹೋಗಿದ್ದರು. ಮಗಳು ತಾಯಿಯ ಸೀರೆಗಳನ್ನು ಮಡಿಸುತ್ತಾ ಕೂತಿದ್ದಳು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ತನ್ನ ಮುರುಕು ಕನ್ನಡದಲ್ಲಿ ಶುರುಮಾಡಿದಳು.

"ಆಂಟಿ, ಮಮ್ಮಿ ಅದೇ ಒಂದ ಸವಾಲ್, ನನ್ನಿಂದ ತಡಾ ಆಗ್ತಿತ್ತಾ ಅಂತ, ಎಲ್ಲರಿಗೆ ಕೇಳಿದಳು. ಆಫೀಸ್‌ವಾಲೆ ಅಂಕಲ್, ನಿಮ್ಮ ಮಾಲೀಕ್, ಬಂದ್ರಲ್ಲ, ಅವರಿಗೂ ಕೇಳಿದಳು. ಅಂಕಲ್ ಕೂಡ 'ಇಲ್ಲ, ಇಲ್ಲ' ಅಂದ್ರು. ಎಲ್ಲರೂ ಇಲ್ಲ ಅಂದ್ರು. ಮಮ್ಮಿ ಯಾರದೂ ನಂಬಲಿಲ್ಲ, ಬಸ್, ಸುಮ್ಮನೆ ಮಲಗಿದಳು. ನೀವು ಹೌದು ಅಂದ್ರಿ ನಾ? ನೀವು ಹೋದ ಮೇಲೆ ನನಗೆ ಕರೆದಳು." ಇಲ್ಲಿ ಅವಳು ತಾಯಿ ಆಡಿದ ಮಾತನ್ನು ತಾಯಿಯ ಹಾಗೆಯೇ, ಒಂದು ಅಕ್ಷರವೂ ಮುರಿಯದಂತೆ ಹೇಳಿದಳು. "ಇಕಿ ನನಗ ಸುಳ್ಳು ಹೇಳಲಿಲ್ಲ. ಅಂದ್ರ 'ಹೊತ್ತು ಹಿಡೀಬೇಕು' ಅಂದದ್ದೂ ಖರೇನ ಇರ್ತದ."

ಆ ದಿನ ರಾತ್ರಿ ಎರಡು ಚಪಾತಿ ಕೇಳಿ ತಿಂದರಂತೆ.

ಅಳು ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು. ಅಂಥ ಹೆಂಗಸು ಅಂಥ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಂಡವರನ್ನೆಲ್ಲ ಕೇಳುವಂತಾಯಿತಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ನನ್ನ ಅನ್ನ ಉಳಿಸಲು ಅವರು ತಮ್ಮ ಹೆಸರನ್ನು ಮುಂದೆ ಮಾಡಿದ್ದರು. ನಾನು ತಿರುಗಿ ಕೊಟ್ಟದ್ದು ಒಂದೇ ಒಂದು ಮಾತು. ಅದನ್ನವರು ನಂಬಿ ಹೋದರು ಎಂಬುದನ್ನೇ ಹಿಡಿದುಕೊಂಡು, ನಾನಿನ್ನೂ ದಿನಾ ಅದೇ ಆಫೀಸಿಗೆ ಹೋಗಿ ಬರುತ್ತಿದ್ದೇನೆ.